ಒಂದೇ ದೋಣಿಯಲ್ಲಿ ಮೂರು ತಲೆಮಾರು



ಸಂತ ಮಾರ್ಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಒಬ್ಬ ತಂದೆ ಬರುತ್ತಾನೆ. ಅವನ ಹೆಸರು ಜೆಬೆದಾಯ. ಗಲಿಲೇಯ ಸರೋವರದ ದಡದಲ್ಲಿ ಅವನ ಮಕ್ಕಳಾದ ಯಾಕೋಬ ಮತ್ತು ಯೊವಾನ್ನ ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿರುತ್ತಾರೆ. ತಂದೆಯೂ ಅದೇ ದೋಣಿಯಲ್ಲಿದ್ದಾನೆ. ಯೇಸುಸ್ವಾಮಿ ಕರೆಯುತ್ತಾರೆ. ಮಕ್ಕಳು ಎದ್ದು ಹೋಗುತ್ತಾರೆ. ತಂದೆ ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಉಳಿಯುತ್ತಾನೆ. ಅವನು ಏನಾದರೂ ಹೇಳಿದನೆಂದು ಮಾರ್ಕರು ಬರೆದಿಲ್ಲ.

ಎದ್ದುಹೋದ ಮಕ್ಕಳ ಬಗ್ಗೆ ನಾವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ದೋಣಿಯಲ್ಲಿ ಉಳಿದ ತಂದೆಯ ಬಗ್ಗೆ ಕೇಳಿದ್ದು ಕಡಿಮೆ. ಆದರೆ ಯೋಚಿಸಿ ನೋಡಿ. ಹರಿದ ಬಲೆಯನ್ನು ಹೆಣೆಯಲು ಆ ಮಕ್ಕಳಿಗೆ ಕಲಿಸಿದವರು ಯಾರು? ಗಾಳಿಯ ಗುರುತು ಹಿಡಿಯಲು, ರಾತ್ರಿಯೆಲ್ಲಾ ದುಡಿದು ಬರಿಗೈಯಲ್ಲಿ ಮರಳಿದರೂ ಮಾರನೆಯ ದಿನ ಮತ್ತೆ ಬಲೆ ಬೀಸಲು ಕಲಿಸಿದವರು ಯಾರು? ಯೇಸುಸ್ವಾಮಿ ತಮ್ಮ ಪ್ರೇಷಿತರನ್ನು ಆರಿಸಿಕೊಂಡದ್ದು ದೊಡ್ಡ ಪಾಠಶಾಲೆಯಿಂದಲ್ಲ, ತಂದೆ ಮಕ್ಕಳು ಒಟ್ಟಿಗೆ ಕುಳಿತಿದ್ದ ದೋಣಿಯಿಂದ.

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ. “ಸ್ವಾಮಿ, ಮಕ್ಕಳು ಜಪಸರಕ್ಕೆ ಕೂರುವುದಿಲ್ಲ. ಬಲಿಪೂಜೆಗೆ ಎಬ್ಬಿಸಿದರೆ ಮುಖ ಸಿಂಡರಿಸುತ್ತಾರೆ. ನಾವು ಹೇಳುವುದೆಲ್ಲಾ ಹೇಳಿಯಾಯಿತು. ಇನ್ನೇನು ಮಾಡೋಣ?” ಈ ಪ್ರಶ್ನೆಗೆ ಉತ್ತರ ಹುಡುಕಲು ಈ ವಾರ ನಿಮ್ಮನ್ನು ಬಹಳ ದೂರ ಕರೆದುಕೊಂಡು ಹೋಗುತ್ತೇನೆ. ಕೆನಡಾ ದೇಶದ ಉತ್ತರದ ಕಾಡುಗಳಲ್ಲಿ ಬೇಸಿಗೆ ಬಂತೆಂದರೆ ಅಜ್ಜ, ಮಗ, ಮೊಮ್ಮಗ ಸೇರಿ ಡೇರೆ ಕಟ್ಟಿಕೊಂಡು ಮೀನು ಹಿಡಿಯಲು ಹೋಗುವ ವಾಡಿಕೆಯಿದೆ. ನಮ್ಮ ಮನೆಗಳ ಮಕ್ಕಳೂ ಅನೇಕರು ಈಗ ಆ ದೇಶದಲ್ಲಿ ನೆಲೆಸಿದ್ದಾರೆ. ಅಲ್ಲಿನ ಒಂದು ದೋಣಿಯೊಳಗೆ ಸ್ವಲ್ಪ ಹೊತ್ತು ಕೂರೋಣ.

ಸದ್ದಿಲ್ಲದ ಸರೋವರಗಳು

ಒಂಟಾರಿಯೊ ಪ್ರಾಂತ್ಯದ ವಾಯವ್ಯದಲ್ಲಿ, ಅಮೆರಿಕದ ಗಡಿಗೆ ತಾಗಿಕೊಂಡು, ಕ್ವೆಟಿಕೊ ಎಂಬ ಕಾಡು ಇದೆ. 1913ರಲ್ಲಿ ಅದನ್ನು ಉದ್ಯಾನವೆಂದು ಘೋಷಿಸಿ ಕಾಪಾಡಿಕೊಂಡು ಬಂದಿದ್ದಾರೆ. ವಿಸ್ತೀರ್ಣ 4,700 ಚದರ ಕಿಲೋಮೀಟರಿಗೂ ಹೆಚ್ಚು. ಸರೋವರಗಳು ಎರಡು ಸಾವಿರಕ್ಕೂ ಮಿಗಿಲು. ಕಾಡಿನೊಳಗೆ ಓಡಾಡಲು ವಾಹನವಿಲ್ಲ. ಅಲ್ಲಿನ ಕೆಲವು ಆದಿವಾಸಿ ಮಾರ್ಗದರ್ಶಕರನ್ನು ಬಿಟ್ಟರೆ ಯಾರೂ ಯಂತ್ರದ ದೋಣಿ ಬಳಸುವಂತಿಲ್ಲ. ಕನೂ ಎಂಬ ಹಗುರವಾದ ದೋಣಿಯಲ್ಲಿ, ಕೈಯಿಂದಲೇ ಹುಟ್ಟು ಹಾಕಿಕೊಂಡು ಹೋಗಬೇಕು. ಒಂದು ಗುಂಪಿನಲ್ಲಿ 9 ಜನಕ್ಕಿಂತ ಹೆಚ್ಚು ಇರಬಾರದು. ಡಬ್ಬಿ, ಬಾಟಲಿಗಳಲ್ಲಿ ಆಹಾರ ಒಯ್ಯಬಾರದು. ತಂದ ಕಸವನ್ನು ತಾವೇ ಹೊತ್ತು ಹಿಂದಕ್ಕೆ ತರಬೇಕು.

ಒಂದು ಸರೋವರ ಮುಗಿದು ಇನ್ನೊಂದು ಸಿಗುವವರೆಗೆ ನಡುವೆ ಕಾಡುದಾರಿ. ಅಲ್ಲಿ ದೋಣಿಯನ್ನೇ ಬೋರಲು ಮಾಡಿ ಹೆಗಲ ಮೇಲೆ ಹೊರಬೇಕು. ಡೇರೆ, ಅಕ್ಕಿಹಿಟ್ಟು, ಪಾತ್ರೆ ಎಲ್ಲವನ್ನೂ ಹೊರಬೇಕು. ಸಾಮಾನ್ಯವಾಗಿ ಗಟ್ಟಿಮುಟ್ಟಾದ ತಂದೆ ದೋಣಿ ಹೊರುತ್ತಾನೆ. ತಾಯಿಯ ಬೆನ್ನಿಗೆ ಊಟದ ಮೂಟೆ. ಚಿಕ್ಕ ಮಗುವಿನ ಕೈಗೂ ಒಂದು ಹುಟ್ಟು ಕೊಡುತ್ತಾರೆ. ಬರಿಗೈಯಲ್ಲಿ ನಡೆಯುವವರು ಯಾರೂ ಇಲ್ಲ. ಅಜ್ಜನ ಹೆಜ್ಜೆ ಎಷ್ಟು ವೇಗವೋ ಆ ದಿನದ ಪ್ರಯಾಣವೂ ಅಷ್ಟೇ. ಅಜ್ಜನನ್ನು ಹಿಂದೆ ಬಿಟ್ಟು ಮುಂದಿನ ಸರೋವರ ಸೇರಿ ಮಾಡುವುದಾದರೂ ಏನು?

ಅಲ್ಲಿನ ಒಂದು ಕಾನೂನು ನನಗೆ ಬಹಳ ಹಿಡಿಸಿತು. ಒಂಟಾರಿಯೊದಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು, ಅದಕ್ಕೆ ಹಣ ಕಟ್ಟಬೇಕು. ಆದರೆ ಕೆನಡಾ ನಿವಾಸಿಗಳಲ್ಲಿ 18 ವರ್ಷದೊಳಗಿನವರೂ 65 ದಾಟಿದವರೂ ಪರವಾನಗಿ ಕೊಳ್ಳಬೇಕಾಗಿಲ್ಲ. ನಡುವಿನ ತಲೆಮಾರು ಹಣ ಕಟ್ಟುತ್ತದೆ; ಮೊಮ್ಮಗುವಿಗೂ ಅಜ್ಜನಿಗೂ ಸರೋವರ ಪುಕ್ಕಟೆ. ಮೇ ತಿಂಗಳ ತಾಯಂದಿರ ದಿನದ ವಾರಾಂತ್ಯ, ಜೂನ್ ತಿಂಗಳ ತಂದೆಯರ ದಿನದ ವಾರಾಂತ್ಯ, ಇವುಗಳಲ್ಲಿ ಇಡೀ ಕುಟುಂಬಕ್ಕೆ ರಿಯಾಯಿತಿ ಉಂಟು. ಹಿರಿಯರೂ ಕಿರಿಯರೂ ಒಂದೇ ದೋಣಿಯಲ್ಲಿ ಕೂರಬೇಕು ಎಂಬ ಬುದ್ಧಿ ಸರ್ಕಾರಕ್ಕೇ ಬಂದಿದೆ. ನಮಗೆ ಬಂದಿದೆಯೇ?

ಹಿಂಬದಿಯಲ್ಲಿ ಕುಳಿತವರು

ಕನೂ ದೋಣಿಯಲ್ಲಿ ಕೂರುವುದಕ್ಕೂ ಒಂದು ಕ್ರಮವಿದೆ. ಮುಂಬದಿಯಲ್ಲಿ ಕುಳಿತವರು ಬಲವಾಗಿ ಹುಟ್ಟು ಹಾಕುತ್ತಾರೆ. ಹಿಂಬದಿಯಲ್ಲಿ ಕುಳಿತವರು ದಿಕ್ಕನ್ನು ನೋಡಿಕೊಳ್ಳುತ್ತಾರೆ. ಮಗು ಲೈಫ್ ಜಾಕೆಟ್ ತೊಟ್ಟು ನಡುವೆ ಕೂರುತ್ತದೆ. ಹಿಂಬದಿಯ ಜಾಗ ಅನುಭವಿಗಳದು. ಮೂರು ತಲೆಮಾರು ಹೊರಟಾಗ ಅದು ಹೆಚ್ಚಾಗಿ ಅಜ್ಜನದೋ ಅಜ್ಜಿಯದೋ ಆಗಿರುತ್ತದೆ. ಮುಂದೆ ಕುಳಿತವರಿಗೆ ಅವರು ಕಾಣುವುದಿಲ್ಲ. ಅವರಿಗೆ ಮಾತ್ರ ಎಲ್ಲರೂ ಕಾಣುತ್ತಾರೆ. ದೋಣಿ ನೆಟ್ಟಗೆ ಹೋಗುತ್ತಿರುವುದು ತನ್ನ ಬಲದಿಂದಲೇ ಎಂದು ಮುಂದೆ ಕುಳಿತ ಮಗನಿಗೆ ಅನಿಸಬಹುದು. ಹಿಂದೆ ಮುದಿಗೈಯೊಂದು ಪ್ರತಿ ಬಾರಿಯೂ ಸದ್ದಿಲ್ಲದೆ ದಿಕ್ಕು ತಿದ್ದುತ್ತಿರುತ್ತದೆ.

ನಮ್ಮ ಮನೆಗಳ ಹಿರಿಯರ ಪ್ರಾರ್ಥನೆ ಇಂಥದ್ದೇ ಅಲ್ಲವೇ? ಬೆಳಗಿನ ಜಾವ ಜಪಸರ ಹಿಡಿದು ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ಮನೆಯವರು ಗಮನಿಸುವುದೇ ಇಲ್ಲ. ಆಕೆ ತೀರಿಕೊಂಡ ಮೇಲೆ, ದೋಣಿ ಅತ್ತ ಇತ್ತ ವಾಲತೊಡಗಿದಾಗ, ಹಿಂಬದಿಯ ಜಾಗ ಖಾಲಿಯಾಗಿದೆ ಎಂದು ತಿಳಿಯುತ್ತದೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳುವ ಮಾತೊಂದಿದೆ: ಮನೆ ಕಟ್ಟುವುದನ್ನು ಕಟ್ಟುತ್ತಲೇ ಕಲಿಯುತ್ತೇವೆ, ಹಾಗೆಯೇ ಒಳ್ಳೆಯ ಗುಣಗಳನ್ನು ಒಳ್ಳೆಯದನ್ನು ಮಾಡುತ್ತಲೇ ಕಲಿಯುತ್ತೇವೆ ಎಂಬುದು ಅದರ ಸಾರ. ದೋಣಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಜ್ಜ ಮೊಮ್ಮಗನಿಗೆ ತಾಳ್ಮೆಯ ಬಗ್ಗೆ ಭಾಷಣ ಮಾಡುವುದಿಲ್ಲ. ಇಬ್ಬರೂ ಗಾಳ ಹಾಕಿ ಸುಮ್ಮನೆ ಕೂರುತ್ತಾರೆ. ಅಲ್ಲಿ ಎಲ್ಲರೂ ಇಷ್ಟಪಡುವ ವಾಲೈ ಎಂಬ ಮೀನಿನ ಕಣ್ಣಿಗೆ ಪ್ರಖರ ಬೆಳಕು ಆಗದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅದು ಗಾಳಕ್ಕೆ ಬರುತ್ತದೆ. ನಮ್ಮ ಸಮಯಕ್ಕೆ ಅದು ಬರುವುದಿಲ್ಲ, ಅದರ ಸಮಯಕ್ಕೆ ನಾವು ಕಾಯಬೇಕು. ಒಂದು ಗಂಟೆ ಕಾಯುತ್ತಾ ಕುಳಿತ ಮಗುವಿಗೆ ತಾಳ್ಮೆ ಎಂಬ ಪದದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಪ್ರಾರ್ಥನೆಯೂ ಹಾಗೆಯೇ. ಪ್ರಾರ್ಥಿಸುವವರ ಪಕ್ಕದಲ್ಲಿ ಕುಳಿತು ಮಕ್ಕಳು ಪ್ರಾರ್ಥನೆ ಕಲಿಯುತ್ತಾರೆ.

ಮುಳ್ಳಿಲ್ಲದ ಕೊಕ್ಕೆ

ಕ್ವೆಟಿಕೊದಲ್ಲಿ ಮತ್ತೊಂದು ನಿಯಮ ಇದೆ. ಗಾಳದ ಕೊಕ್ಕೆಯ ತುದಿಯಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ತಿರುಗಿದ ಒಂದು ಚಿಕ್ಕ ಮುಳ್ಳು ಇರುತ್ತದೆ. ಮೀನು ಒಮ್ಮೆ ಕಚ್ಚಿದರೆ ಆ ಮುಳ್ಳು ಬಿಡುವುದಿಲ್ಲ. ಬಿಡಿಸಹೋದರೆ ಬಾಯಿ ಹರಿಯುತ್ತದೆ. ಅಲ್ಲಿ ಅಂಥ ಕೊಕ್ಕೆ ಬಳಸುವಂತಿಲ್ಲ. ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕು. ಹುಳು, ಸಣ್ಣ ಮೀನುಗಳನ್ನು ಎರೆಯಾಗಿ ಹಾಕುವಂತೆಯೂ ಇಲ್ಲ.

ಮುಳ್ಳಿಲ್ಲದ ಕೊಕ್ಕೆಯಲ್ಲಿ ಮೀನು ಹಿಡಿಯುವುದು ಕಷ್ಟ. ದಾರವನ್ನು ಒಂದು ಕ್ಷಣ ಸಡಿಲ ಬಿಟ್ಟರೆ ಮೀನು ಜಾರಿಹೋಗುತ್ತದೆ. ಜೋರಾಗಿ ಎಳೆದರೆ ದಾರ ತುಂಡಾಗುತ್ತದೆ. ಎಳೆತ ಬಿಡದೆ, ಎಳೆದಾಡದೆ, ಕೈಯಲ್ಲೇ ಅರಿತು ನಡೆಸಬೇಕು. ಇದನ್ನು ಪುಸ್ತಕದಿಂದ ಕಲಿಯಲಾಗದು. ಅಜ್ಜ ತನ್ನ ಕೈಯನ್ನು ಮೊಮ್ಮಗನ ಕೈಯ ಮೇಲಿಟ್ಟು ತೋರಿಸಿಕೊಡಬೇಕು.

ಮೀನು ಬಹಳ ದೊಡ್ಡದಾಗಿದ್ದರೆ ಎಷ್ಟೋ ಮಂದಿ ಅದನ್ನು ನೀರಿಗೆ ಹಿಂದಿರುಗಿಸುತ್ತಾರೆ. ದೊಡ್ಡ ವಾಲೈಗಳು ಬಹುಪಾಲು ಮೊಟ್ಟೆಯಿಡುವ ಹೆಣ್ಣು ಮೀನುಗಳು. ಇಂದು ಅದನ್ನು ತಿಂದು ಮುಗಿಸಿದರೆ ಮೊಮ್ಮಗ ತನ್ನ ಮಗನನ್ನು ಕರೆತಂದ ದಿನ ಸರೋವರದಲ್ಲಿ ಏನಿರುತ್ತದೆ?

ತಂದೆತಾಯಿಗಳೇ, ವಿಶ್ವಾಸವನ್ನು ಮಕ್ಕಳಿಗೆ ದಾಟಿಸುವಾಗ ನಮ್ಮ ಕೈಯಲ್ಲಿರುವುದು ಯಾವ ಕೊಕ್ಕೆ? ಹೆದರಿಕೆ ಒಂದು ಮುಳ್ಳು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದು ಇನ್ನೊಂದು ಮುಳ್ಳು. “ದೇವರು ನಿನ್ನನ್ನು ಶಿಕ್ಷಿಸುತ್ತಾನೆ ನೋಡು” ಎನ್ನುವುದು ಮತ್ತೊಂದು. ಮುಳ್ಳು ಹಿಡಿಯುತ್ತದೆ, ನಿಜ. ಆದರೆ ಗಾಯ ಮಾಡಿ ಹಿಡಿಯುತ್ತದೆ. ಹಾಗೆ ಹಿಡಿಯಲ್ಪಟ್ಟ ಮಗು ಹದಿನೆಂಟು ತುಂಬಿದ ದಿನ ಬಾಯಿ ಹರಿದುಕೊಂಡಾದರೂ ಬಿಡಿಸಿಕೊಳ್ಳುತ್ತದೆ. ಇತ್ತ ದಾರವನ್ನು ಪೂರ್ತಿ ಸಡಿಲ ಬಿಡುವ ಮನೆಗಳೂ ಇವೆ: “ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಲಿ” ಎನ್ನುವ ಮನೆಗಳು. ಎಳೆತವೇ ಇಲ್ಲದ ದಾರದಲ್ಲಿ ಏನೂ ನಿಲ್ಲದು. ಸಡಿಲ ಬಿಡದ, ಗಾಯ ಮಾಡದ ಹಿಡಿತಕ್ಕೆ ಪ್ರೀತಿ ಎಂದು ಹೆಸರು. ಅದಕ್ಕೆ ಬಹಳ ಸಮಯ ಬೇಕು, ಬಹಳ ಗಮನ ಬೇಕು.

ದಡದ ಬೆಂಕಿ

ಹಿಡಿದ ಮೀನನ್ನು ಅಲ್ಲೇ ದಡದಲ್ಲಿ ಶುಚಿ ಮಾಡಿ, ಹಿಟ್ಟು ಹಚ್ಚಿ, ಆಲೂಗಡ್ಡೆಯ ಜೊತೆ ಎಣ್ಣೆಯಲ್ಲಿ ಹುರಿಯುತ್ತಾರೆ. ಉಳಿದ ಆಹಾರವನ್ನು ಕರಡಿಗೆ ಸಿಗದಂತೆ ಮರಕ್ಕೆ ಎತ್ತರದಲ್ಲಿ ಕಟ್ಟುತ್ತಾರೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಸೊಳ್ಳೆಗಳ ಕಾಟವೂ ಉಂಟು. ನೀರಿನ ಮೇಲೆ ಲೂನ್ ಹಕ್ಕಿಯ ನೀಳವಾದ ಕೂಗು ಕೇಳಿಬರುತ್ತದೆ. ಆ ಹಕ್ಕಿ ತನ್ನ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತದೆ. ಬೆಂಕಿಯ ಸುತ್ತ ಕುಳಿತಾಗ ಅಜ್ಜನ ಬಾಯಿಂದ ಮನೆಯಲ್ಲಿ ಎಂದೂ ಬಾರದ ಕಥೆಗಳು ಬರುತ್ತವೆ. ಬಡತನದ ದಿನಗಳು, ತೀರಿಹೋದ ತಂಗಿ, ಯಾರಿಗೂ ಹೇಳದ ಒಂದು ದುಃಖ. ಮೊಮ್ಮಗ ಕೇಳುತ್ತಾನೆ. ಅವನ ತಂದೆಯೂ ಮೊದಲ ಬಾರಿ ಕೇಳುತ್ತಾನೆ.

ಪುನರುತ್ಥಾನದ ನಂತರ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಮಾಡಿದ್ದನ್ನು ನೆನೆಯಿರಿ. ಕೆಂಡ ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಶಿಷ್ಯರಿಗಾಗಿ ಕಾದಿದ್ದರು. ಮೂರು ಬಾರಿ ತಮ್ಮನ್ನು ಅಲ್ಲಗಳೆದ ಪೇತ್ರನನ್ನು ಬರಿಹೊಟ್ಟೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡಲಿಲ್ಲ. ಮೊದಲು ಊಟ, ಆಮೇಲೆ ಪ್ರೀತಿಯ ಪ್ರಶ್ನೆ. ಮನೆಯ ಊಟದ ಹೊತ್ತಿನಲ್ಲೇ ಅಂಕಪಟ್ಟಿಯ ವಿಚಾರಣೆ ತೆಗೆಯುವ ನಾವು ಈ ಕ್ರಮವನ್ನು ಗಮನಿಸಬೇಕು.

ಸಂತ ದ್ವಿತೀಯ ಜಾನ್ ಪೌಲರು ಇದನ್ನು ಚೆನ್ನಾಗಿ ಅರಿತಿದ್ದರು. ಪೋಲೆಂಡಿನಲ್ಲಿ ಗುರುಗಳಾಗಿದ್ದಾಗ ಅವರು ಯುವಕ ಯುವತಿಯರನ್ನೂ ನವದಂಪತಿಗಳನ್ನೂ ಕರೆದುಕೊಂಡು ಉತ್ತರದ ನದಿ ಸರೋವರಗಳಲ್ಲಿ ದೋಣಿಯಾತ್ರೆ ಹೋಗುತ್ತಿದ್ದರು. ಬೋರಲು ಹಾಕಿದ ದೋಣಿಯೇ ಅವರಿಗೆ ಬಲಿಪೀಠ. 1958ರ ಜುಲೈ ತಿಂಗಳಲ್ಲಿ, 38ನೇ ವಯಸ್ಸಿನಲ್ಲಿ, ಸಹಾಯಕ ಧರ್ಮಾಧ್ಯಕ್ಷರಾಗಿ ನೇಮಕವಾದ ಸುದ್ದಿ ತಿಳಿಸಲು ಅವರನ್ನು ವಾರ್ಸಾಗೆ ಕರೆಸಿದ್ದು ಅಂಥದೊಂದು ದೋಣಿಯಾತ್ರೆಯ ನಡುವಿನಿಂದ. ಸುದ್ದಿ ಕೇಳಿ ಅವರು ಮತ್ತೆ ಆ ಯುವಜನರ ಬಳಿಗೇ ಹಿಂದಿರುಗಿದರು.

ಕಡಿದುಹೋದ ದಾರ

ಪ್ರಿಯರೇ, ಆ ಉತ್ತರದ ಸರೋವರಗಳ ಕಥೆ ಇಷ್ಟಕ್ಕೇ ಮುಗಿದರೆ ಅದು ಅರ್ಧ ಸತ್ಯವಾಗುತ್ತದೆ. ಅಲ್ಲಿ ಮೊದಲು ಮೀನು ಹಿಡಿದವರು ಆದಿವಾಸಿ ಜನ. ಕ್ವೆಟಿಕೊದ ಅಂಚಿನಲ್ಲಿರುವ ಲಾ ಕ್ರ್ವಾ ಎಂಬ ಸರೋವರದ ಬಂಡೆಗಳ ಮೇಲೆ ಅನಿಶಿನಾಬೆ ಜನರ ಪೂರ್ವಜರು ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳು ಇಂದಿಗೂ ಇವೆ. ದೋಣಿ ಮಾಡುವುದನ್ನು, ಮೀನು ಒಣಗಿಸುವುದನ್ನು, ದೇವರ ಮುಂದೆ ತಲೆಬಾಗುವುದನ್ನು ಅಜ್ಜ ಅಜ್ಜಿಯರೇ ಮೊಮ್ಮಕ್ಕಳಿಗೆ ಕಲಿಸುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಿಂದ 1990ರ ದಶಕದವರೆಗೆ ಕೆನಡಾ ಸರ್ಕಾರ ಆ ಜನರ ಮಕ್ಕಳನ್ನು ಮನೆಯಿಂದ ದೂರ ಒಯ್ದು ವಸತಿಶಾಲೆಗಳಲ್ಲಿ ಇಟ್ಟಿತು. ಸುಮಾರು 1,50,000 ಮಕ್ಕಳು ಅಲ್ಲಿ ಬೆಳೆದರು. ತಾಯ್ನುಡಿ ಆಡಿದರೆ ಶಿಕ್ಷೆ. ಅನೇಕರು ಹಿಂಸೆ ಅನುಭವಿಸಿದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಈ ಶಾಲೆಗಳಲ್ಲಿ ಹೆಚ್ಚಿನವುಗಳನ್ನು ನಡೆಸಿದ್ದು ನಮ್ಮ ಧರ್ಮಸಭೆಯ ಸಂಸ್ಥೆಗಳೇ. ಶುಭಸಂದೇಶದ ಹೆಸರಿನಲ್ಲಿ ಮುಳ್ಳಿನ ಕೊಕ್ಕೆ ಬಳಸಿದ ಕಥೆ ಇದು. ಮರಳಿ ಬಂದ ಮಗುವಿಗೆ ಅಜ್ಜಿಯ ಭಾಷೆ ತಿಳಿಯದು; ಅಜ್ಜಿಗೆ ಮಗುವಿನ ಭಾಷೆ ತಿಳಿಯದು. ಒಂದೇ ದೋಣಿಯಲ್ಲಿ ಕುಳಿತರೂ ದಾಟಿಸಲು ಮಾತೇ ಇಲ್ಲ.

ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು 2022ರ ಜುಲೈ 25ರಂದು ಆಲ್ಬರ್ಟಾ ಪ್ರಾಂತ್ಯದ ಮಸ್ಕ್ವಾಚೀಸ್ ಎಂಬಲ್ಲಿ ಆ ಜನರ ನಡುವೆ ಕುಳಿತು ಕ್ಷಮೆ ಬೇಡಿದರು. ಮರುದಿನ, ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜ್ವಾಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ಅಂದು ಅವರು ಎಡ್ಮಂಟನ್ ನಗರದ ಪಶ್ಚಿಮಕ್ಕಿರುವ ಸಂತ ಅನ್ನಮ್ಮನವರ ಸರೋವರಕ್ಕೆ ಹೋದರು. 1889ರಿಂದ ಆ ಸರೋವರಕ್ಕೆ ಪ್ರತಿ ಜುಲೈನಲ್ಲಿ ಯಾತ್ರೆ ನಡೆಯುತ್ತದೆ. ಆದಿವಾಸಿ ಕುಟುಂಬಗಳು ಮುದುಕರಿಂದ ಹಸುಗೂಸುಗಳವರೆಗೆ ಬಂದು ಡೇರೆ ಹಾಕಿ ದಿನಗಟ್ಟಲೆ ಉಳಿಯುತ್ತವೆ. ಕೈಕೈ ಹಿಡಿದು ನೀರಿಗಿಳಿದು ಪ್ರಾರ್ಥಿಸುತ್ತವೆ. ಅಂದು ಗಾಲಿಕುರ್ಚಿಯಲ್ಲಿ ನೀರಿನ ಅಂಚಿಗೆ ಬಂದ ಪೋಪ್‌ರವರೂ ಒಬ್ಬ ಅಜ್ಜಿಯ ಮೊಮ್ಮಗನೇ. ತಮಗೆ ಪ್ರಾರ್ಥನೆ ಕಲಿಸಿದ್ದು ತಮ್ಮ ಅಜ್ಜಿ ರೋಸಾ ಎಂದು ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಅಜ್ಜ ಅಜ್ಜಿಯರಿಗಾಗಿ ಮತ್ತು ಹಿರಿಯರಿಗಾಗಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು 2021ರಲ್ಲಿ ಮೀಸಲಿಟ್ಟವರೂ ಅವರೇ. 2025ರ ಏಪ್ರಿಲ್ 21ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆ ಭಾನುವಾರ ನಮಗೆ ಉಳಿದಿದೆ.

ನಮ್ಮ ಮನೆಯ ದೋಣಿ

ಅಲ್ಲಿ ದಾರವನ್ನು ಬಲವಂತ ಕಡಿಯಿತು. ನಮ್ಮ ಮನೆಗಳಲ್ಲಿ ಯಾರೂ ಬಂದು ಕಡಿಯಬೇಕಾಗಿಲ್ಲ, ನಾವೇ ಕೈಬಿಡುತ್ತಿದ್ದೇವೆ. ಅಜ್ಜಿ ಒಂದು ಕೋಣೆಯಲ್ಲಿ, ಮಗ ಕೆಲಸದಲ್ಲಿ, ಮೊಮ್ಮಗಳು ಮೊಬೈಲಿನಲ್ಲಿ. ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದ ಹಿರಿಯರು ಆರು ತಿಂಗಳು ಮೊಮ್ಮಗುವನ್ನು ನೋಡಿಕೊಂಡು ಬರುತ್ತಾರೆ. ಆದರೆ ಆ ಮಗುವಿಗೆ ಕನ್ನಡದಲ್ಲಿ ಒಂದು ಪ್ರಾರ್ಥನೆಯೂ ಬಾರದು, ಏಕೆಂದರೆ ಕಲಿಸಿ ಎಂದು ಯಾರೂ ಕೇಳಲಿಲ್ಲ. ಸಂತ ಪೌಲರು ತಮ್ಮ ಪ್ರಿಯ ತಿಮೊಥೇಯನಿಗೆ ಬರೆಯುವಾಗ, ಅವನಲ್ಲಿರುವ ವಿಶ್ವಾಸ ಮೊದಲು ಅವನ ಅಜ್ಜಿ ಲೋಯಿಸಳಲ್ಲಿಯೂ ತಾಯಿ ಯೂನಿಸಳಲ್ಲಿಯೂ ನೆಲೆಸಿತ್ತು ಎಂದು ನೆನಪಿಸುತ್ತಾರೆ. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಗೃಹಧರ್ಮಸಭೆ ಎಂದು ಕರೆಯಿತು. ಆ ಧರ್ಮಸಭೆಯ ಮೊದಲ ಉಪದೇಶಿಗಳು ಅಜ್ಜ ಅಜ್ಜಿಯರೇ.

ಹಾಗಾದರೆ ಏನು ಮಾಡೋಣ? ಕೆನಡಾಕ್ಕೆ ಹೋಗಬೇಕಾಗಿಲ್ಲ, ಗಾಳ ಹಿಡಿಯಬೇಕಾಗಿಯೂ ಇಲ್ಲ. ವರ್ಷಕ್ಕೊಮ್ಮೆಯಾದರೂ ಮೂರು ತಲೆಮಾರು ಒಟ್ಟಿಗೆ, ಅವಸರವಿಲ್ಲದೆ, ಒಂದೆರಡು ದಿನ ಕಳೆಯಿರಿ. ಊರಿನ ತೋಟವಾಗಲಿ, ಪುಣ್ಯಕ್ಷೇತ್ರದ ಯಾತ್ರೆಯಾಗಲಿ, ಅಜ್ಜನ ಹೆಜ್ಜೆಯ ವೇಗದಲ್ಲಿ ನಡೆಯಿರಿ. ಪ್ರತಿಯೊಬ್ಬ ಮಗುವಿನ ಕೈಗೂ ಒಂದು ಹುಟ್ಟು ಕೊಡಿ: ಜಪಸರದ ಒಂದು ರಹಸ್ಯವನ್ನು ಅದೇ ನಡೆಸಲಿ, ಊಟದ ಮುಂಚಿನ ಪ್ರಾರ್ಥನೆಯನ್ನು ಅದೇ ಹೇಳಲಿ. ವಾರಕ್ಕೊಂದು ರಾತ್ರಿ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು ಹಿರಿಯರ ಬಾಯಿಂದ ಒಂದು ಕಥೆ ಕೇಳಿ. ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ಸೊಸೆಯನ್ನು ದೂರುವುದಕ್ಕೆ ಆ ಸಮಯವನ್ನು ಬಳಸಬೇಡಿ. ನೀವು ಕುಳಿತಿರುವುದು ಹಿಂಬದಿಯ ಜಾಗದಲ್ಲಿ. ದಿಕ್ಕು ತಿದ್ದುವ ಕೈ ಮೃದುವಾಗಿರಲಿ.

ಇಷ್ಟೆಲ್ಲಾ ಮಾಡಿದರೂ ಮಗ ಒಂದು ದಿನ ದೋಣಿಯಿಂದ ಎದ್ದು ಹೋಗಬಹುದು. ದೂರದ ದೇಶಕ್ಕೋ, ನೀವು ಎಣಿಸದ ದಾರಿಗೋ ಹೋಗಬಹುದು. ಜೆಬೆದಾಯನ ಮಕ್ಕಳೂ ಹೋದರು. ಆದರೆ ತಂದೆ ಕಲಿಸಿದ್ದು ಅವರ ಕೈಯಲ್ಲಿತ್ತು. ಹಿಡಿದಿಟ್ಟುಕೊಳ್ಳುವುದು ನಮ್ಮ ಕೆಲಸವಲ್ಲ. ಕಲಿಸಿ ಕಳುಹಿಸುವುದು ನಮ್ಮ ಕೆಲಸ. ಕರೆಯುವವರು ಪ್ರಭು.

ಪ್ರಾರ್ಥಿಸೋಣ: ಪ್ರಭುವೇ, ನಮ್ಮ ಮನೆಯ ಹಿರಿಯರಿಗೆ ಆರೋಗ್ಯವನ್ನೂ ಮೃದುವಾದ ಮಾತನ್ನೂ ಕೊಡು. ತಂದೆತಾಯಿಗಳಿಗೆ ಸಮಯ ಮಾಡಿಕೊಳ್ಳುವ ಮನಸ್ಸು ಕೊಡು. ಮಕ್ಕಳಿಗೆ ಕೇಳುವ ಕಿವಿ ಕೊಡು. ನಿನ್ನ ಹೆಸರಿನಲ್ಲಿ ಗಾಯಗೊಂಡವರನ್ನು ಗುಣಪಡಿಸು. ಸಂತ ಜ್ವಾಕಿಂ, ಸಂತ ಅನ್ನಮ್ಮನವರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.